ಕೊಳೆ ಹಿಡಿಯದ ಅಂಟು

ಎಲ್ವುಡ್ ಬೀಲ್ ನಮ್ಮ ಹಾರ್ಡ್‌ವೇರ್ ಅಂಗಡಿಯ ದಕ್ಷಿಣದ ಗೋಡೆಗೆ ಹಲಗೆ ಹೊಡೆದ ದಿನ ನಾನು ಅವನಿಗೆ ಚೆನ್ನಾಗಿ ಬೈದೆ. ಗೋಡೆ ನನ್ನದು, ಅಂಗಡಿ ನನ್ನದು, ಮೊಳೆ ಹೊಡೆಯುವ ಮೊದಲು ಒಂದು ಮಾತು ಕೇಳಬೇಕು ತಾನೆ? ಕೇಳಲಿಲ್ಲ. ಸುತ್ತಿಗೆಯ ಸದ್ದು ಕೇಳಿ ಹೊರಗೆ ಬಂದರೆ ಆಳೆತ್ತರದ ದೇವದಾರು ಹಲಗೆಯೊಂದು ನನ್ನ ಗೋಡೆಯ ಮೇಲೆ ನಿಂತಿತ್ತು. ಬಣ್ಣವಿಲ್ಲ, ಎಣ್ಣೆಯಿಲ್ಲ, ಬರೀ ಮರ. ಅದರ ಮೇಲಿಂದ ಕೆಳಕ್ಕೆ, ಕಿಟಕಿಯ ಸಂದು ಮುಚ್ಚುವ ಆರು ತರಹದ ಅಂಟನ್ನು ಆರು ಗೆರೆಯಾಗಿ ಎಳೆದು, ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಅಂಕಿ ಮತ್ತು ತಾರೀಖು ಬರೆದಿದ್ದ.

“ಏನೋ ಇದು?” ಅಂದೆ.

“ಪರೀಕ್ಷೆ.”

“ಯಾರಿಗೆ?”

“ಅಂಟಿಗೆ. ಬಣ್ಣ ಹೊಡೀದೆ ಇರೋ ಮರದ್ಮೇಲೆ ಯಾವ್ದು ಕೊಳೆ ಹಿಡಿಯಲ್ಲ ಅಂತ ನೋಡ್ಬೇಕು.”

“ನಲವತ್ತು ವರ್ಷದಿಂದ ಊರೋರ ಕಿಟಕಿಗೆಲ್ಲ ಅಂಟು ಎಳೀತಿದೀಯ. ಇನ್ನೂ ಗೊತ್ತಾಗ್ಲಿಲ್ವ ನಿಂಗೆ?”

“ಗೊತ್ತಿದ್ದಿದ್ರೆ ನಮ್ಮನೆ ಹಾಗಾಗ್ತಿತ್ತ?” ಅಂದ.

ನಾನು ಒಳಗೆ ಹೋದೆ. ಅದು ಮೇ ತಿಂಗಳು. ಅವನ ಹೆಂಡತಿ ಲೀಟಾ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಲೀಟಾ ನನ್ನ ಅಕ್ಕ.

ಎಲ್ವುಡ್‌ನ ಬಗ್ಗೆ ಒಂದೆರಡು ಮಾತು ಹೇಳಬೇಕು. ಅವನು ಹುಟ್ಟಿದ್ದು ಅಮೆರಿಕದ ಮೇನ್ ತೀರದಲ್ಲಿ, ಇದೇ ಕ್ರೌಲಿ ಹಾರ್ಬರಿನಲ್ಲಿ, ಮೀನುಗಾರರ ಮನೆಯಲ್ಲಿ. ಅಪ್ಪ, ಅಜ್ಜ, ಚಿಕ್ಕಪ್ಪಂದಿರು ಎಲ್ಲರೂ ಲಾಬ್‌ಸ್ಟರ್ ಹಿಡಿದೇ ಬಾಳಿದವರು. ಇವನು ದೋಣಿ ಹತ್ತಿದರೆ ಸಾಕು, ಲಂಗರು ಎತ್ತುವ ಮೊದಲೇ ವಾಂತಿ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ಕೈಚೆಲ್ಲಿ ಅವನನ್ನು ಬಡಗಿಯೊಬ್ಬನ ಹತ್ತಿರ ಬಿಟ್ಟ. ಸಮುದ್ರ ಕಂಡರಾಗದ ಬೀಲ್ ಅಂತ ಊರು ಅವನನ್ನು ಆಡಿಕೊಂಡಿತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯ ಅಂಚು ಕಟ್ಟುವುದರಲ್ಲಿ, ಅಂದರೆ ಕಿಟಕಿ ಬಾಗಿಲುಗಳ ಸುತ್ತ ಪಟ್ಟಿ ಕೂರಿಸಿ ಸಂದು ಮುಚ್ಚುವುದರಲ್ಲಿ, ಅವನ ಕೈ ಕೂತಿತು. ಬೇಸಿಗೆಗೆ ಬರುವ ಸಿರಿವಂತರ ಮನೆಗಳಿಗೆಲ್ಲ ಅವನೇ ಬೇಕು. ನಿಧಾನದ ಕೆಲಸ. ಮಾತೂ ನಿಧಾನ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನನ್ನ ಕಾಫಿ ಆರಿಹೋಗುತ್ತಿತ್ತು.

ಅವನೂ ಲೀಟಾನೂ ಒಟ್ಟಿಗೇ ಕೆಲಸಕ್ಕೆ ಹೋಗುತ್ತಿದ್ದರು. ಮುಂದೆ ಇವನು ಅಂಟು ಹಿಂಡುವ ಗನ್ನು ಹಿಡಿದು ಸಂದಿಗೆ ಅದರ ಎಳೆ ಬಿಡುವುದು, ಹಿಂದೆಯೇ ಅವಳು ತೋರುಬೆರಳಿನಿಂದ ಅದನ್ನು ಒತ್ತಿ ಸವರಿಕೊಂಡು ಬರುವುದು. ಅವನ ಬೆರಳು ದಪ್ಪ, ಅಂಟು ಆಚೀಚೆ ಉಬ್ಬುತ್ತದೆ. ಅವಳ ಬೆರಳು ಹಾದುಹೋದರೆ ಗೆರೆ ಬರೆದಿಟ್ಟ ಹಾಗೆ ಇರುತ್ತಿತ್ತು. “ನನ್ ಗಂಡ ಬರೀ ಹಿಂಡ್ತಾನೆ, ಕೆಲ್ಸ ಮಾಡೋಳು ನಾನು,” ಅಂತ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ತಮ್ಮ ಸ್ವಂತ ಮನೆಯ ಪಟ್ಟಿಗಳಿಗೆ ಲೀಟಾ ಬಣ್ಣ ಬಳಿಯಲು ಬಿಡಲಿಲ್ಲ. ದೇವದಾರು ಮಳೆ ಬಿಸಿಲು ತಿಂದು ಬೆಳ್ಳಿಯ ಬಣ್ಣಕ್ಕೆ ತಿರುಗುವುದು ಅವಳಿಗೆ ಇಷ್ಟ. ನೋಡಲು ಚೆಂದವೇ. ಆದರೆ ಬಣ್ಣ ಬಳಿಯದ ಮರದ ಮೇಲೆ ಅಂಟು ಬೆತ್ತಲೆಯಾಗಿ ನಿಲ್ಲುತ್ತದೆ. ಅದನ್ನು ಮುಚ್ಚಿಡಲು ಏನೂ ಇರುವುದಿಲ್ಲ. ಅದಕ್ಕೆ ಯಾವ ಅಂಟು ಅನ್ನುವುದನ್ನು ನೋಡಿ ಆರಿಸಬೇಕು.

ಇನ್ನು ನನ್ನ ಪಾಲಿನದು. ಅವಳು ತೀರಿಕೊಳ್ಳುವ ಹಿಂದಿನ ಅಕ್ಟೋಬರಿನಲ್ಲಿ ಲೀಟಾಳ ಕಾಯಿಲೆ ಮುದುರಿಕೊಂಡು ಮಲಗುವ ಮಟ್ಟಕ್ಕೆ ಬಂದಿತ್ತು. ಚಳಿ, ಚಳಿ ಅಂತ ಒಂದೇ ಸಮನೆ ಅನ್ನುತ್ತಿದ್ದಳು. ಒಲೆಗೆ ಎಷ್ಟು ಸೌದೆ ಹಾಕಿದರೂ ಎಲ್ಲಿಂದಲೋ ಗಾಳಿ ನುಸುಳುತ್ತದೆ ಅನ್ನುತ್ತಿದ್ದಳು. ಎಲ್ವುಡ್ ಓಡಿಬಂದ. ಹಳೇ ಅಂಟನ್ನೆಲ್ಲ ಕೆರೆದು ಹೊಸದು ಹಾಕಬೇಕು, ಬಣ್ಣ ಬೇಡದ ಆ ಹೊಸ ಜಾತಿಯ ಅಂಟು ಕೊಡು ಅಂದ. ಅದು ಮುಗಿದಿತ್ತು. ಲಾರಿ ಬರುವುದು ಮುಂದಿನ ವಾರ.

“ಸಿಲಿಕೋನ್ ತಗೊಂಡ್ಹೋಗು,” ಅಂದೆ ನಾನು.

“ಅದು ಕೊಳೆ ಹಿಡಿಯತ್ತೆ ವರ್ನಾ. ಎಣ್ಣೆ ಬಿಡತ್ತೆ, ಧೂಳೆಲ್ಲ ಅಂಟ್ಕೊಂಡು ಕಪ್ಪಾಗತ್ತೆ.”

“ಗಾಳಿ ತಡೆಯತ್ತೋ ಇಲ್ವೋ?”

“ತಡೆಯತ್ತೆ.”

“ಮತ್ತೆ? ಅವ್ಳು ನಡುಗ್ತಿದಾಳೆ, ನೀನು ಅಂದ ನೋಡ್ತಾ ನಿಂತಿದೀಯ.”

ಅವನು ಹನ್ನೆರಡು ಕೊಳವೆ ಸಿಲಿಕೋನ್ ತೆಗೆದುಕೊಂಡು ಹೋದ. ಲೀಟಾ ಕೋಟಿನ ಮೇಲೆ ಕೋಟು ಹಾಕಿಕೊಂಡು ಹೊರಗೆ ಬಂದು, ಕುರ್ಚಿಯ ಮೇಲೆ ಕೂತು, ಏಳೂ ಕಿಟಕಿಗೆ ತಾನೇ ಬೆರಳಾಡಿಸಿದಳು. ಬೇಡವೆಂದರೂ ಕೇಳಲಿಲ್ಲ. ಆ ದಿನ ಅವನೊಂದು ತಪ್ಪು ಮಾಡಿದ. ಕಿಟಕಿಯ ಕೆಳಗಿನ ಪಟ್ಟಿಯ ತಳದ ಸಂದನ್ನು ಯಾವ ಬಡಗಿಯೂ ಮುಚ್ಚುವುದಿಲ್ಲ. ಮೇಲಿಂದ ಹೇಗೋ ಒಳಹೊಕ್ಕ ನೀರು ಇಳಿದುಹೋಗಲು ಅದೊಂದೇ ದಾರಿ. ಊರಿಗೆಲ್ಲ ಇದನ್ನು ಪಾಠ ಹೇಳುವವನು, ಹೆಂಡತಿಗೆ ಚಳಿಯೆಂದು ಅದನ್ನೂ ಮುಚ್ಚಿಬಿಟ್ಟ. ಅವಳು ಆ ಚಳಿಗಾಲ ದಾಟಲಿಲ್ಲ.

ಹಾಗೆ ಶುರುವಾಯಿತು ಹಲಗೆಯ ಪರೀಕ್ಷೆ. ಪ್ರತಿ ಶನಿವಾರ ಬೆಳಿಗ್ಗೆ ಬರುತ್ತಿದ್ದ. ನನ್ನ ಡಬ್ಬಿಯಿಂದ ಒಂದು ಡೋನಟ್ ತೆಗೆದುಕೊಂಡು, ಭೂತಗನ್ನಡಿ ಹಿಡಿದು ಆರೂ ಗೆರೆಗಳನ್ನು ನೋಡುತ್ತಿದ್ದ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಒಂದನೇ ನಂಬರಿನ ಸಿಲಿಕೋನ್ ಬೂದಿ ಬಣ್ಣಕ್ಕೆ ಬಂತು. ನೀರಿನಲ್ಲಿ ಕಲಸುವ ಎರಡನೆಯದು ಬಣ್ಣದ ಹೊದಿಕೆಯಿಲ್ಲದೆ ಮೆತ್ತಗೇ ಉಳಿದು ಪೈನ್ ಮರದ ಹಳದಿ ಹುಡಿಯನ್ನೆಲ್ಲ ಮೈಗೆ ಮೆತ್ತಿಕೊಂಡಿತು. ಮೂರನೆಯದು, ದೋಣಿಗೆ ಬಳಸುವಂಥದ್ದು, ಬಿಸಿಲಿಗೆ ಹಳದಿಯಾಗಿ ಸುಣ್ಣದಂತೆ ಉದುರಿತು. ಐದಕ್ಕೆ ಬೂಷ್ಟು ಬಂತು. ಆರರ ಮೇಲೆ ಒಂದು ನೊಣ ಸತ್ತು ಹಾಗೇ ಉಳಿದಿತ್ತು. ನಾಲ್ಕನೆಯದಕ್ಕೆ ಮಾತ್ರ ಏನೂ ಆಗಲಿಲ್ಲ. ಅದೇ ಆ ಹೊಸ ಜಾತಿಯದು, ಆ ಅಕ್ಟೋಬರಿನಲ್ಲಿ ನನ್ನಲ್ಲಿ ಇಲ್ಲದಿದ್ದದ್ದು.

“ನಾಲ್ಕು ಗೆದ್ದಿದೆ,” ಅಂದೆ. “ತಗೊಂಡ್ಹೋಗಿ ಮನೆಗೆ ಹಾಕು.”

“ಇನ್ನೊಂದು ಚಳಿಗಾಲ ನೋಡೋಣ.”

ಎರಡನೇ ಚಳಿಗಾಲವೂ ಕಳೆಯಿತು. ನಾಲ್ಕು ಹಾಗೇ ಇತ್ತು. ಲಾಬ್‌ಸ್ಟರ್ ಹಿಡಿಯುವ ಡ್ವೈಟ್ ಆ್ಯಲಿ, ಯಾರನ್ನೂ ಸುಮ್ಮನೆ ಬಿಡುವ ಪ್ರಾಣಿಯಲ್ಲ, ಹಲಗೆಯ ಮುಂದೆ ಟೋಪಿ ತೆಗೆದು ನಿಂತು ಕೇಳಿದ: “ಏನ್ ಎಲ್ವುಡ್, ಮದ್ವೆಗೆ ಹೆಣ್ಣು ನೋಡ್ತಿದೀಯೋ ಅಂಟು ನೋಡ್ತಿದೀಯೋ? ನಾನು ಹೆಂಡ್ತೀನ ಆರ್ಸೋಕೆ ಇಷ್ಟು ಹೊತ್ತು ತಗೊಳ್ಲಿಲ್ಲ.”

“ಅದು ಅವ್ಳನ್ನ ನೋಡಿದ್ರೇ ಗೊತ್ತಾಗತ್ತೆ,” ಅಂದ ಎಲ್ವುಡ್.

ನಕ್ಕೆವು. ಆದರೆ ಅವನು ಕನ್ನಡಿ ಹಿಡಿಯುತ್ತಿದ್ದದ್ದು ಗೆದ್ದ ನಾಲ್ಕನೆಯದರ ಮೇಲಲ್ಲ ಅನ್ನುವುದನ್ನು ನಾನು ಆಗಲೇ ಗಮನಿಸಿದ್ದೆ. ಕೊಳೆಯಾದ ಒಂದನೆಯದನ್ನೇ ಬಹಳ ಹೊತ್ತು ನೋಡುತ್ತಿದ್ದ. ಅದು ಎಷ್ಟು ಕಪ್ಪಾಯಿತು, ಎಲ್ಲಿ ಕಪ್ಪಾಯಿತು ಅಂತ ಬರೆದುಕೊಳ್ಳುತ್ತಿದ್ದ. ಯಾಕೆಂದು ಕೇಳಬೇಕಿತ್ತು. ಕೇಳಲಿಲ್ಲ. ಸಿಲಿಕೋನ್ ಅನ್ನುವ ಮಾತು ಬಂದರೆ ನಾನೇ ಗಲ್ಲಾದ ಕಡೆ ತಿರುಗಿಬಿಡುತ್ತಿದ್ದೆ.

ಅವರ ಮನೆಗೂ ನಾನು ಹೋಗುತ್ತಿರಲಿಲ್ಲ. ಅಕ್ಕ ಸತ್ತ ಮೇಲೆ ಒಂದು ಸಲವೂ ಹೋಗಿರಲಿಲ್ಲ. ಚರ್ಚಿಗೆ ಹೋಗುವಾಗ ರಸ್ತೆಯಿಂದ ಕಾಣುತ್ತಿತ್ತು. ಮೊದಲ ವರ್ಷ ಕಿಟಕಿಗಳ ಸುತ್ತ ತೆಳ್ಳಗೆ ಮಬ್ಬು. ಎರಡನೇ ವರ್ಷ ಕಪ್ಪು ಗೆರೆ. ಮೂರನೇ ವರ್ಷ ಆ ಏಳೂ ಕಿಟಕಿಗಳಿಗೆ ಯಾರೋ ಸಾವಿನ ಕಾಗದದ ಕಪ್ಪು ಅಂಚು ಕಟ್ಟಿದ ಹಾಗಿತ್ತು. ನಾನು ಮುಖ ತಿರುಗಿಸಿ ಗಾಡಿ ಓಡಿಸುತ್ತಿದ್ದೆ. ಕೊಟ್ಟವಳು ನಾನು.

ಮೂರನೇ ಚಳಿಗಾಲದಲ್ಲಿ ಎಲ್ವುಡ್ ಕೆಮ್ಮಲು ಶುರುಮಾಡಿದ. ಫೆಬ್ರವರಿಗೆ ಕೆಮ್ಮು ಎದೆಯ ಆಳಕ್ಕಿಳಿಯಿತು. ಡಾಕ್ಟರು ಮನೆಯಲ್ಲಿ ಎಲ್ಲಾದರೂ ಬೂಷ್ಟು ಇದೆಯಾ ಅಂತ ಕೇಳಿದರಂತೆ. ಇವನು ಇಲ್ಲ ಅಂದನಂತೆ. ಏಪ್ರಿಲ್‌ನಲ್ಲಿ ಎರಡು ಶನಿವಾರ ಅಂಗಡಿಗೆ ಬರಲಿಲ್ಲ. ಮೂರನೆಯ ಶನಿವಾರ ನಾನು ಬೀನ್ಸ್ ಬೇಯಿಸಿದ ಮಡಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ನಾಲ್ಕನೇ ನಂಬರಿನ ಹನ್ನೆರಡು ಕೊಳವೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಇವತ್ತು ಅವನ ಚಳಿ ಬಿಡಿಸಿಯೇ ಬರುತ್ತೇನೆ ಅಂದುಕೊಂಡಿದ್ದೆ.

ಮನೆಯ ಹೊರಗೆ, ಉತ್ತರದ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ, ಕಂಬಳಿ ಹೊದ್ದು. ಮುಖ ಮರದ ಸಿಪ್ಪೆಯ ಹಾಗಾಗಿತ್ತು. ನಾನು ನಮಸ್ಕಾರ ಗಿಮಸ್ಕಾರ ಏನೂ ಹೇಳದೆ ನೆಟ್ಟಗೆ ಮಲಗುವ ಕೋಣೆಯ ಕಿಟಕಿಗೆ ಹೋಗಿ, ಕೆಳಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಮರವಲ್ಲ ಅದು, ನೆನೆದ ಬ್ರೆಡ್ಡು.

“ಎಲ್ವುಡ್, ಈ ಗೋಡೆ ಕೊಳ್ತುಹೋಗಿದೆ.”

“ಗೊತ್ತು.”

“ಗೊತ್ತು ಅಂತೆ. ಇದರ ಹಿಂದೇನೇ ಅಲ್ವ ನೀನು ಮಲಗೋದು? ಆ ಕೆಮ್ಮು ಎಲ್ಲಿಂದ ಬರ್ತಿದೆ ಅಂದ್ಕೊಂಡೆ? ಇನ್ನೊಂದು ಚಳಿಗಾಲಕ್ಕೆ ಈ ಮನೆ ನಿಲ್ಲಲ್ಲ, ನೀನೂ ನಿಲ್ಲಲ್ಲ.”

“ಅದೂ ಗೊತ್ತು.”

“ಮತ್ತೆ ಯಾಕೆ ಕತ್ತರ್ಸಿಲ್ಲ? ಮೂರು ವರ್ಷದಿಂದ ನನ್ ಗೋಡೆ ಮೇಲೆ ಏನ್ ನಾಟ್ಕ ಆಡ್ತಿದೀಯ?”

ಅವನು ಕಂಬಳಿ ಸರಿಸಿದ. ಎದ್ದು ಬಂದ. ಜೇಬಿನಿಂದ ಭೂತಗನ್ನಡಿ ತೆಗೆದು ನನ್ನ ಕೈಗೆ ಕೊಟ್ಟ. ಪಕ್ಕದ ಗೆರೆ ಕೆಳಗೆ ಕೊನೆಯಾಗುವ ಜಾಗವನ್ನು ತೋರಿಸಿದ.

ಗೆರೆ ಸವರಿ ಮುಗಿಸುವಾಗ ಬೆರಳನ್ನು ಎಲ್ಲೋ ಒಂದು ಕಡೆ ಎತ್ತಬೇಕು. ಲೀಟಾ ಕೊನೆಯಲ್ಲಿ ಸ್ವಲ್ಪ ಒತ್ತಿ ಎತ್ತುತ್ತಿದ್ದಳು. ಆ ಒತ್ತು ಹಸಿ ಸಿಲಿಕೋನಿನಲ್ಲಿ ಹಾಗೇ ಉಳಿದು ಗಟ್ಟಿಯಾಗಿತ್ತು. ಹಾಕಿದಾಗ ಪಾರದರ್ಶಕ, ಕಣ್ಣಿಗೆ ಕಂಡಿರಲಿಲ್ಲ. ವರ್ಷ ವರ್ಷ ಕೊಳೆ ಕೂತಂತೆ ಗೀರುಗಳ ನಡುವೆ ಕಪ್ಪು ತುಂಬಿಕೊಂಡು, ಬೆರಳ ತುದಿ ಪೂರ್ತಿ ಎದ್ದು ಬಂದಿತ್ತು. ಸುಳಿ, ಸುಳಿಯ ಪಕ್ಕದ ತಿರುವು, ಎಲ್ಲವೂ. ನಡುವೆ ಅಡ್ಡಲಾಗಿ ಒಂದು ಬಿಳಿ ಗೀಟು. ಹುಡುಗಿಯರಾಗಿದ್ದಾಗ ನಾವಿಬ್ಬರೂ ಸಾರ್ಡೀನ್ ಕಾರ್ಖಾನೆಯಲ್ಲಿ ಮೀನಿನ ತಲೆ ಕತ್ತರಿಸುತ್ತಿದ್ದೆವು. ಕತ್ತರಿ ಜಾರಿ ಅಕ್ಕನ ತೋರುಬೆರಳು ಸೀಳಿದ ದಿನ ನಾನೇ ಅವಳ ಪಕ್ಕದಲ್ಲಿದ್ದೆ. ಆ ಗಾಯದ ಗುರುತು ಅದು.

“ಮೊದಲ್ನೇ ವರ್ಷ ಬರೀ ಕಲೆ ಥರ ಇತ್ತು,” ಅಂದ ಎಲ್ವುಡ್. “ಎರಡನೇ ವರ್ಷ ಸುಳಿ ಕಂಡಿತು. ಹೋದ್ವರ್ಷ ಗಾಯ. ಪ್ರತಿ ವಸಂತಕ್ಕೂ ಸ್ವಲ್ಪ ಸ್ವಲ್ಪ ಹೊರಗೆ ಬರ್ತಿದಾಳೆ, ವರ್ನಾ. ಕಿಟಕಿಗೆರಡು, ಹದ್ನಾಲ್ಕು ಇವೆ. ಫೋಟೋ ತೆಗ್ದು ನೋಡ್ದೆ, ಅದ್ರಲ್ಲಿ ಬರೀ ಕೊಳೆ ಕಾಣತ್ತೆ.”

ಒಳಗಿನಿಂದ ಯಾರೋ ಗೋಡೆಗೆ ಬೆರಳೊತ್ತಿ ನಿಂತಿದ್ದಾರೆ ಅನ್ನಿಸಿತು. ನಾನು ದೆವ್ವ ಭೂತ ನಂಬುವ ಹೆಂಗಸಲ್ಲ. ಆದರೂ ಸುತ್ತ ತಿರುಗಿ ಹದಿನಾಲ್ಕನ್ನೂ ನೋಡಿದೆ. ಪ್ರತಿಯೊಂದರ ಹತ್ತಿರವೂ ಬಗ್ಗಿದೆ. ಒಂದು ಕಡೆ ಒತ್ತು ಜೋರಾಗಿತ್ತು, ಅಲ್ಲಿ ಅವಳಿಗೆ ನೋವು ಬಂದಿರಬೇಕು. ಕೊನೆಯ ಕಿಟಕಿಯಲ್ಲಿ ಬೆರಳು ಜಾರಿತ್ತು, ಸುಸ್ತಾಗಿರಬೇಕು. ನನ್ನ ಬೆರಳನ್ನು ಅದರ ಮೇಲೆ ಇಡಲು ಹೋಗಿ ಕೈ ಹಿಂದೆಳೆದುಕೊಂಡೆ. ಮುಟ್ಟಿದರೆ ಅಳಿಸಿಹೋದೀತು ಅಂತ ಭಯ.

“ನಂಗೂ ಹೇಳ್ಬಾರ್ದಿತ್ತೇನೋ?” ಅಂದೆ. “ನನ್ ಅಕ್ಕ ಕಣೋ ಅವ್ಳು. ಮೂರು ವರ್ಷ ನೀನೊಬ್ನೇ ನೋಡ್ಕೊಂಡು ಕೂತ್ಯಲ್ಲ.”

“ಹೇಳಿದ್ರೆ ಕತ್ತರ್ಸು ಅಂತಿದ್ದೆ.”

ಅನ್ನುತ್ತಿದ್ದೆ, ನಿಜ. ಅದನ್ನೇ ಹೇಳಲು ಅಲ್ಲವೇ ಬಂದಿದ್ದು? ಕೊಳವೆಗಳ ಚೀಲ ಕಾಲ ಹತ್ತಿರವೇ ಇತ್ತು. ಗುರುತುಗಳಿರುವ ಒಂದೊಂದು ಅಂಗುಲ ಬಿಟ್ಟು ಉಳಿದದ್ದನ್ನು ಕತ್ತರಿಸಲು ಬರುತ್ತದೆಯೇ ಅಂತ ಯೋಚಿಸಿದೆ. ಬರುವುದಿಲ್ಲ. ಸಿಲಿಕೋನ್ ಸೋಕಿದ ಕಡೆ ಬೇರೆ ಯಾವ ಅಂಟೂ ಕೂರುವುದಿಲ್ಲ, ಅದರ ಎಣ್ಣೆ ಹೋಗುವ ತನಕ ಮರವನ್ನೇ ಕೆರೆಯಬೇಕು. ಮಾರುವವಳಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಒಂದು ಅಂಗುಲ ಉಳಿದರೆ ನೀರಿಗೆ ಅಷ್ಟೇ ಸಾಕು.

ಎಲ್ಲ ಗೊತ್ತಿದ್ದೂ ನನ್ನ ಬಾಯಿಂದ ಬಂದ ಮಾತು ಇದು: “ಇರ್ಲಿ ಬಿಡು ಎಲ್ವುಡ್. ಇನ್ನೊಂದು ಚಳಿಗಾಲ ನೋಡೋಣ.”

ಅವನು ನನ್ನನ್ನೇ ನೋಡಿದ. ನಾನು ಅಳುತ್ತಿದ್ದೆನೋ ಏನೋ, ನೆನಪಿಲ್ಲ. ಅವನಿಗೆ ಕೆಮ್ಮು ಬಂತು, ಮೊಣಕಾಲು ಹಿಡಿದುಕೊಂಡು ಬಗ್ಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಶೆಡ್ಡಿಗೆ ಹೋಗಿ ಚಾಕು, ಕೆರೆಯುವ ಉಳಿ, ಬಕೆಟ್ಟು ತಂದ.

“ಬೇಡ ಅಂದ್ನಲ್ಲ,” ಅಂದೆ.

“ಕೇಳಿಸ್ತು. ನನ್ ಮಾತು ನಿನ್ ಬಾಯಲ್ಲಿ ಕೇಳೋಕಾಗ್ಲಿಲ್ಲ, ವರ್ನಾ. ನೀನು ನಾಳೆಯಿಂದ ಇಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀಯ. ಒಬ್ಬ ಸಾಕು.”

ತಳದ ಗೆರೆಗೆ ಮೊದಲು ಚಾಕು ಹಾಕಿದ. ಮೂರು ವರ್ಷದಿಂದ ಒಳಗೆ ನಿಂತಿದ್ದ ನೀರು ಚಹಾ ಬಣ್ಣದಲ್ಲಿ ಸೋರಿ ಅವನ ಮಣಿಕಟ್ಟಿನ ಮೇಲಿಂದ ಹರಿಯಿತು. ಆಮೇಲೆ ಪಕ್ಕದ ಗೆರೆಗಳು. ಗುರುತಿನ ಹತ್ತಿರ ಬಂದಾಗ ಅವನು ನಿಧಾನಿಸಲಿಲ್ಲ. ನಿಧಾನಿಸಿದರೆ ಆಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಸಿಲಿಕೋನ್ ಹಾವಿನ ಪೊರೆಯ ಹಾಗೆ ಸುರುಳಿಯಾಗಿ ಬಕೆಟ್ಟಿಗೆ ಬಿತ್ತು. ನಾನು ಒಂದನ್ನು ಕದ್ದು ಕೈಗೆ ತೆಗೆದುಕೊಂಡೆ. ಬಿಡಿಸಲು ಹೋದರೆ ಕೊನೆ ಹರಿದುಬಂತು, ನನ್ನ ಬೆವರಿಗೆ ಕಪ್ಪು ಕದಡಿತು. ನೋಡುತ್ತಿದ್ದಂತೆ ಅದು ಬರೀ ಕೊಳೆಯಾಯಿತು. ಬಕೆಟ್ಟಿಗೆ ಹಾಕಿಬಿಟ್ಟೆ.

ಗೋಡೆ ಬಿಚ್ಚಿ ಕೊಳೆತ ಹಲಗೆಗಳನ್ನು ಬದಲಿಸಲು ಎರಡು ವಾರ ಹಿಡಿಯಿತು. ಡ್ವೈಟ್ ಬಂದು ಸಹಾಯ ಮಾಡಿದ, ಹೇಳದೆಯೇ, ಒಂದು ಹಾಸ್ಯವನ್ನೂ ಮಾಡದೆ. ಮೇ ತಿಂಗಳ ಮೊದಲ ವಾರ ಮರ ಒಣಗಿದ ಮೇಲೆ ಎಲ್ವುಡ್ ಗನ್ನಿಗೆ ನಾಲ್ಕನೇ ನಂಬರಿನ ಕೊಳವೆ ತುರುಕಿ ನನ್ನ ಕಡೆ ತಿರುಗಿದ.

“ನನ್ ಬೆರಳು ದಪ್ಪ,” ಅಂದ.

“ನಂಗೆ ಬರಲ್ಲ.”

“ಬರತ್ತೆ. ಒಂದೇ ಬೆರಳು ಸಾಕು.”

ಅವನು ಎಳೆ ಬಿಟ್ಟ, ನಾನು ಸವರಿದೆ. ಮೊದಲನೆಯದು ವಕ್ರವಾಯಿತು. ಎರಡನೆಯದು ಪರವಾಗಿಲ್ಲ. ಕೆಳಗೆ ಬಂದಾಗ, ಯೋಚನೆಯೇ ಇಲ್ಲದೆ, ಸ್ವಲ್ಪ ಒತ್ತಿ ಬೆರಳೆತ್ತಿದೆ. ಎಲ್ವುಡ್ ಅದನ್ನು ನೋಡಿದ. ಗನ್ನು ಕೆಳಗಿಟ್ಟು ಒಳಗೆ ಹೋದ. ನಾನು ಹಾಗೇ ನಿಂತಿದ್ದೆ. ಬಂದಾಗ ಅವನ ಮುಖ ತೊಳೆದು ಒದ್ದೆಯಾಗಿತ್ತು, ಕೈಯಲ್ಲಿ ಒಂದು ಬಟ್ಟಲು ನೀರಿತ್ತು.

“ಗುರುತು ಬಿಡ್ಬೇಡ,” ಅಂದ.

“ಎಲ್ಲೋ ಒಂದು ಕಡೆ ಎತ್ಲೇಬೇಕಲ್ಲ ಬೆರಳು?”

“ಎತ್ತು. ಆಮೇಲೆ ಬೆರಳು ಒದ್ದೆ ಮಾಡಿ ಇನ್ನೊಂದ್ಸಲ ಸವರು. ಇದನ್ನೂ ಮುಂದೆ ಯಾರೋ ಕತ್ತರ್ಸ್ಬೇಕು. ಅವರಿಗೆ ಈ ಪಾಡು ಬೇಡ.”

ಹಾಗೇ ಮಾಡಿದೆ. ಏಳು ಕಿಟಕಿ, ಹದಿನಾಲ್ಕು ಗೆರೆ, ಹದಿನಾಲ್ಕು ಸಲ ಒದ್ದೆ ಬೆರಳು. ಪ್ರತಿ ಸಲವೂ ನನ್ನ ಸುಳಿ ಕಂಡು, ಮಾಯವಾಯಿತು. ತಳದ ಸಂದುಗಳನ್ನು ತೆರೆದೇ ಬಿಟ್ಟ.

ಎಲ್ವುಡ್‌ನ ಕೆಮ್ಮು ಆಗಸ್ಟಿನ ಹೊತ್ತಿಗೆ ನಿಂತಿತು. ಈಗಲೂ ಕೆಲಸಕ್ಕೆ ಹೋಗುತ್ತಾನೆ, ಈಗಲೂ ದೋಣಿ ಹತ್ತುವುದಿಲ್ಲ. ಮುಂದಿನ ವಸಂತದಲ್ಲಿ ಹಿಮ ಕರಗಿದ ಮೇಲೆ ಒಂದು ಭಾನುವಾರ ಚರ್ಚಿನಿಂದ ನೆಟ್ಟಗೆ ಅವನ ಮನೆಗೆ ಹೋದೆ. ಅವನು ಒಳಗೆ ಚೌಡರ್ ಸಾರು ಮಾಡುತ್ತಿದ್ದ, ಈರುಳ್ಳಿಯ ವಾಸನೆ ಬರುತ್ತಿತ್ತು. ನಾನು ಬಾಗಿಲು ತಟ್ಟದೆ ಉತ್ತರದ ಕಿಟಕಿಯ ಹತ್ತಿರ ಹೋಗಿ ಬಗ್ಗಿದೆ. ಗೆರೆಗಳು ಹಾಕಿದ ದಿನದ ಹಾಗೇ ಇದ್ದವು. ಧೂಳಿಲ್ಲ, ಪೈನ್ ಹುಡಿಯಿಲ್ಲ, ಒಂದು ಕಪ್ಪು ಚುಕ್ಕೆಯಿಲ್ಲ. ಅಂಥ ಅಂಟನ್ನು ಹುಡುಕುತ್ತೇವೆಂದು ಮೂರು ವರ್ಷ ಕಳೆದಿದ್ದೆವು. ನಾನು ಕನ್ನಡಕ ಏರಿಸಿ ಒಂದೊಂದು ಗೆರೆಯ ಕೊನೆಯನ್ನೂ ನೋಡುತ್ತಾ ಹೋದೆ, ಎಲ್ಲಾದರೂ ಸ್ವಲ್ಪ ಕೊಳೆ ಕೂತಿದೆಯೋ ಅಂತ.

ಏಳನೇ ಕಿಟಕಿ ಒಳಗಿನಿಂದ ತೆರೆಯಿತು. ಎಲ್ವುಡ್ ಸೌಟು ಹಿಡಿದು ನಿಂತಿದ್ದ.

“ನಾನೂ ದಿನಾ ನೋಡ್ತೀನಿ,” ಅಂದ. “ಇಲ್ಲ ವರ್ನಾ. ಬಾ, ಊಟಕ್ಕೆ.”